ಮಗು ತಾನೇ ಓದಬಲ್ಲದೇ? ಮನೆಯಲ್ಲಿ ತಿಳಿದುಕೊಳ್ಳುವ ಬಗೆ



ವಿದ್ಯಾರ್ಥಿವೇತನದ ಅರ್ಜಿಯ ಜೊತೆ ಬರುವ ಅಂಕಪಟ್ಟಿಯಲ್ಲಿ ಕನ್ನಡಕ್ಕೆ ಒಳ್ಳೆಯ ಅಂಕಗಳಿರುತ್ತವೆ. ಅದೇ ಮಗುವಿನ ಕೈಗೆ ಪಠ್ಯಪುಸ್ತಕದಲ್ಲಿಲ್ಲದ ಒಂದು ಪುಟ ಕೊಟ್ಟರೆ ಕೆಲವೊಮ್ಮೆ ಎರಡು ಸಾಲು ದಾಟುವುದು ಕಷ್ಟವಾಗುತ್ತದೆ. ಇದರಲ್ಲಿ ಮಗುವಿನ ತಪ್ಪಿಲ್ಲ. ತರಗತಿಯಲ್ಲಿ ಹತ್ತಾರು ಬಾರಿ ಓದಿಸಿದ ಪಾಠ ಅದಕ್ಕೆ ಬಾಯಿಪಾಠವಾಗಿರುತ್ತದೆ. ಬಾಯಿಪಾಠಕ್ಕೆ ಅಂಕ ಸಿಗಬಹುದು, ಆದರೆ ನಾಲ್ಕನೇ ತರಗತಿಯ ನಂತರ ಗಣಿತದ ಲೆಕ್ಕವನ್ನೂ ಪರಿಸರ ಅಧ್ಯಯನದ ಪಾಠವನ್ನೂ ಮಗು ತಾನೇ ಓದಿ ತಿಳಿದುಕೊಳ್ಳಬೇಕು. ಆಗ ಓದು ಕೈಕೊಟ್ಟರೆ ಎಲ್ಲ ವಿಷಯಗಳೂ ಕೈಕೊಡುತ್ತವೆ.

ಇದು ಒಂದೆರಡು ಮನೆಗಳ ಮಾತಲ್ಲ. ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆ 2005ರಿಂದ ಹಳ್ಳಿಗಳ ಮನೆಗಳಿಗೆ ಹೋಗಿ ಮಕ್ಕಳಿಂದ ಅಕ್ಷರ, ಪದ, ಒಂದನೇ ತರಗತಿ ಮಟ್ಟದ ವಾಕ್ಯಗಳು, ಎರಡನೇ ತರಗತಿ ಮಟ್ಟದ ಕಥೆ ಇವನ್ನು ಓದಿಸುತ್ತದೆ. 2024ರ ವರದಿಯಂತೆ, ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ ಐದನೇ ತರಗತಿ ಮಕ್ಕಳಲ್ಲಿ ಆ ಎರಡನೇ ತರಗತಿಯ ಕಥೆಯನ್ನು ಓದಬಲ್ಲವರು ಶೇಕಡಾ 44.8 ಮಾತ್ರ.

ಮನೆಯಲ್ಲಿ ಮಾಡುವ ಪರೀಕ್ಷೆ

ಮಗು ಹಿಂದೆ ನೋಡಿರದ ಕಥೆಪುಸ್ತಕದಿಂದ ಸುಮಾರು ನೂರು ಪದಗಳ ಒಂದು ಭಾಗ ಆರಿಸಿ. ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದಲು ಹೇಳಿ. ನಡುವೆ ತಿದ್ದಬೇಡಿ. ತಡವರಿಸಿದ ಅಥವಾ ತಪ್ಪಿದ ಪದಗಳನ್ನು ಮಾತ್ರ ಎಣಿಸಿ. ತಪ್ಪು ಐದರೊಳಗಿದ್ದರೆ ಆ ಪುಸ್ತಕವನ್ನು ಮಗು ಒಬ್ಬಂಟಿಯಾಗಿ ಓದಬಲ್ಲದು. ಹತ್ತರವರೆಗೆ ಇದ್ದರೆ ದೊಡ್ಡವರು ಜೊತೆಗಿರಬೇಕು. ಹತ್ತು ಮೀರಿದರೆ ಇನ್ನೂ ಸುಲಭದ ಪುಸ್ತಕ ಕೊಡಿ. ಶಿಕ್ಷಕರು ಬಹುಕಾಲದಿಂದ ಬಳಸುತ್ತಿರುವ ಅಂದಾಜು ಇದು. ಕನ್ನಡದ ಪದಗಳು ಉದ್ದ, ಒತ್ತಕ್ಷರಗಳೂ ಹೆಚ್ಚು. ಆದ್ದರಿಂದ ಇಂಗ್ಲಿಷ್ ಓದುವ ವೇಗಕ್ಕೆ ಹೋಲಿಸಿ ಗಾಬರಿಯಾಗುವುದು ಬೇಡ.

ಎಷ್ಟು ತಪ್ಪು ಎಂಬುದರ ಜೊತೆಗೆ ಎಂಥ ತಪ್ಪು ಎಂಬುದನ್ನೂ ಗಮನಿಸಿ. ‘ಕತ್ತೆ’ಯನ್ನು ‘ಕತೆ’ ಎಂದು ಓದಿದ ಮಗು, ಮುಂದಿನ ಪದ ಹೊಂದದ್ದನ್ನು ಕಂಡು ತಾನೇ ಹಿಂದಿರುಗಿ ಸರಿಪಡಿಸಿಕೊಂಡರೆ ಚಿಂತೆಯಿಲ್ಲ, ಅದು ಅರ್ಥವನ್ನು ಹಿಡಿದೇ ಓದುತ್ತಿದೆ. ‘ಕತೆ ಹುಲ್ಲು ಮೇಯಿತು’ ಎಂದು ಓದಿ ನಿಲ್ಲದೆ ಮುಂದೆ ಹೋದರೆ ಕಣ್ಣು ಮಾತ್ರ ಓದುತ್ತಿದೆ ಎಂದು ತಿಳಿಯಿರಿ. ಒತ್ತಕ್ಷರದಲ್ಲೇ ಮತ್ತೆ ಮತ್ತೆ ತಪ್ಪಿದರೆ ಅಷ್ಟನ್ನೇ ಪ್ರತ್ಯೇಕವಾಗಿ ಅಭ್ಯಾಸ ಮಾಡಿಸಿದರೆ ಸಾಕು.

ಪ್ರಶ್ನೆ ಹೇಗಿರಬೇಕು?

ಸರಾಗವಾಗಿ ಓದಿದ ಮಾತ್ರಕ್ಕೆ ತಿಳಿದಿದೆ ಎಂದು ಹೇಳಲಾಗದು. ಈ ಎರಡು ವಾಕ್ಯಗಳನ್ನು ನೋಡಿ: ‘ಮೋಡ ಕವಿಯಿತು. ರಜಿಯಾ ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿಯನ್ನು ಬೇಗ ಬೇಗ ಒಳಗೆ ತಂದಳು.’ ‘ರಜಿಯಾ ಏನನ್ನು ತಂದಳು?’ ಎಂದರೆ ಅರ್ಥವಾಗದ ಮಗುವೂ ಸಾಲಿನಿಂದಲೇ ಪದ ಎತ್ತಿ ಹೇಳುತ್ತದೆ. ‘ಯಾಕೆ ಬೇಗ ಬೇಗ ತಂದಳು?’ ಎಂದು ಕೇಳಿ. ಮಳೆ ಎಂಬ ಪದ ಅಲ್ಲಿಲ್ಲ. ‘ಮಳೆ ಬಂದರೆ ನೆನೆಯುತ್ತೆ’ ಎಂದು ಮಗು ಹೇಳಿದರೆ ಅದು ನಿಜವಾಗಿ ಓದಿದೆ. ಪ್ರತಿ ಬಾರಿಯೂ ಹೀಗೆ ‘ಯಾಕೆ’ ಎಂಬ ಒಂದು ಪ್ರಶ್ನೆ ಇರಲಿ.

ಉತ್ತರ ಮನೆಮಾತಿನಲ್ಲಿರಲಿ

ನಮ್ಮ ಅನೇಕ ಮನೆಗಳಲ್ಲಿ ಉರ್ದು, ದಖನಿ ಅಥವಾ ಬ್ಯಾರಿ ಮಾತು, ಶಾಲೆಯಲ್ಲಿ ಕನ್ನಡ. ಕನ್ನಡದಲ್ಲೇ ಉತ್ತರಿಸು ಎಂದು ಒತ್ತಾಯಿಸಿದರೆ ತಿಳಿದ ಮಗುವೂ ಸುಮ್ಮನಾಗುತ್ತದೆ. ಓದು ಕನ್ನಡದಲ್ಲಿರಲಿ, ಉತ್ತರ ಮನೆಮಾತಿನಲ್ಲಿ ಬರಲಿ. ಮನೆಮಾತಿನಲ್ಲಿ ಸರಿಯಾಗಿ ಹೇಳಿದರೆ ಓದು ಗಟ್ಟಿಯಿದೆ, ಕನ್ನಡ ಮಾತಿನ ಬಳಕೆ ಹೆಚ್ಚಬೇಕು ಎಂದರ್ಥ. ಅದರಲ್ಲೂ ಹೇಳಲಾಗದಿದ್ದರೆ ಆ ಪುಟದ ಪದಗಳ ಅರ್ಥ ತಿಳಿಸಿ ಮತ್ತೊಮ್ಮೆ ಓದಿಸಿ. ಆಗಲೂ ಹೇಳಲಾಗದಿದ್ದರೆ ಇನ್ನೂ ಸುಲಭದ ಪುಟದಿಂದ ಆರಂಭಿಸಿ.

ಅಕ್ಷರ ಬಾರದ ತಾಯಂದಿರೂ ಹಿಂಜರಿಯಬೇಕಿಲ್ಲ. ಮಗು ತಾನೇ ಓದಿ ಕಥೆಯನ್ನು ನಿಮಗೆ ಹೇಳಲಿ. ಆಮೇಲೆ ದೊಡ್ಡ ಮಗನೋ ಪಕ್ಕದ ಮನೆಯವರೋ ಅದೇ ಪುಟವನ್ನು ನಿಮಗೆ ಓದಿ ಹೇಳಲಿ. ಎರಡೂ ಹೊಂದುತ್ತವೆಯೇ ಎಂದು ನಿಮ್ಮ ಕಿವಿಯೇ ಹೇಳುತ್ತದೆ.

ನಮ್ಮ ಕೋರಿಕೆ

ಪೋಷಕರು ಮೂರು ತಿಂಗಳಿಗೊಮ್ಮೆ ಹೀಗೆ ನೋಡಿ, ದಿನಾಂಕ, ಪುಸ್ತಕದ ಹೆಸರು, ತಪ್ಪಿದ ಪದಗಳ ಸಂಖ್ಯೆ ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಗುವಿನ ಮುಂದೆ ಬೇರೆ ಮಕ್ಕಳ ಹೋಲಿಕೆ ಬೇಡ. ಕಳೆದ ಬಾರಿಗಿಂತ ಈ ಬಾರಿ ಎಷ್ಟು ಮುಂದೆ ಬಂದಿದೆ ಎಂಬುದನ್ನಷ್ಟೇ ನೋಡಿ. ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡ ಮತ್ತು ಉರ್ದು ಕಥೆಗಳು ನಾಲ್ಕು ಹಂತಗಳಲ್ಲಿ ಉಚಿತವಾಗಿ ಸಿಗುತ್ತವೆ.

ದಾನಿಗಳಲ್ಲಿ ಒಂದು ವಿನಂತಿ. ಶುಲ್ಕ ಮತ್ತು ಸಮವಸ್ತ್ರಕ್ಕೆ ನೀವು ನೀಡುವ ನೆರವು ಮಗುವನ್ನು ಶಾಲೆಯ ಒಳಗೆ ಉಳಿಸುತ್ತದೆ. ಅದರ ಜೊತೆಗೆ ಮಗುವಿನ ಮಟ್ಟಕ್ಕೆ ತಕ್ಕ ನಾಲ್ಕಾರು ಕಥೆಪುಸ್ತಕಗಳೂ ಮನೆ ಸೇರಿದರೆ, ಕುಳಿತ ತರಗತಿಯ ಪಾಠ ಅದಕ್ಕೆ ದಕ್ಕುತ್ತದೆ.