ಟರ್ಬೊ ಕಾರುಗಳ ನಿರ್ವಾತ ಕೊಳವೆಗಳು

ನಿರ್ವಾತ ಕೊಳವೆ ಎಂಬುದು ವಾಹನದ ಎಂಜಿನ್ನಿನೊಳಗೆ ಸೇರುವ ಗಾಳಿಯ ಒತ್ತಡವನ್ನು ಬೇರೆ ಬೇರೆ ಭಾಗಗಳಿಗೆ ತಲಪಿಸುವ ರಬ್ಬರಿನ ಅಥವಾ ಸಿಲಿಕೋನಿನ ಸಣ್ಣ ನಳಿಕೆ. ಗ್ಯಾರೇಜುಗಳಲ್ಲಿ ಇದಕ್ಕೆ ವ್ಯಾಕ್ಯೂಮ್ ಹೋಸ್ ಅಥವಾ ವ್ಯಾಕ್ಯೂಮ್ ಪೈಪ್ ಎಂಬ ಹೆಸರು ರೂಢಿಯಲ್ಲಿದೆ. ಬ್ರೇಕ್ ಬೂಸ್ಟರ್, ಇಂಧನದ ಒತ್ತಡ ನಿಯಂತ್ರಕ, ಟರ್ಬೊದ ವೇಸ್ಟ್‌ಗೇಟ್, ಒತ್ತಡ ಸಂವೇದಕ ಮೊದಲಾದವು ಈ ಕೊಳವೆಗಳನ್ನು ನಂಬಿ ಕೆಲಸ ಮಾಡುತ್ತವೆ. ವರ್ಷಗಳು ಕಳೆದಂತೆ ಎಂಜಿನ್ನಿನ ಬಿಸಿಗೆ ರಬ್ಬರು ಗಡುಸಾಗಿ ಬಿರುಕು ಬಿಡುತ್ತದೆ. ಬೆಲೆಯಲ್ಲಿ ಅತ್ಯಲ್ಪವಾದ ಈ ಭಾಗ ಕೆಟ್ಟಾಗ ಟರ್ಬೊ ಕಾರಿನಲ್ಲಿ ಎಂಜಿನ್ನೇ ಹಾಳಾಗುವ ಸಂಭವವಿದೆ.

ಕಾರ್ಯವಿಧಾನ

ನಿರ್ವಾತ ಎಂಬ ಪದ ಇಲ್ಲಿ ಅಕ್ಷರಶಃ ಹೊಂದುವುದಿಲ್ಲ. ಕೊಳವೆಯೊಳಗೆ ಗಾಳಿ ಇಲ್ಲವೆಂದಲ್ಲ. ಅದರ ಒತ್ತಡ ಹೊರಗಿನ ವಾತಾವರಣದ ಒತ್ತಡಕ್ಕಿಂತ ಕಡಿಮೆಯಿದೆ ಎಂದಷ್ಟೇ ಅರ್ಥ. ಪೆಟ್ರೋಲ್ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಥ್ರಾಟಲ್ ಬಹುಮಟ್ಟಿಗೆ ಮುಚ್ಚಿರುತ್ತದೆ. ಎಂಜಿನ್ ಗಾಳಿಯನ್ನು ಎಳೆಯುತ್ತಲೇ ಇರುವುದರಿಂದ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಒತ್ತಡ ಕುಸಿಯುತ್ತದೆ. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಎಂಜಿನ್ನಿನ ಐಡಲಿಂಗ್ ನಿರ್ವಾತ ಸಾಮಾನ್ಯವಾಗಿ 17ರಿಂದ 21 ಅಂಗುಲ ಪಾದರಸದಷ್ಟಿರುತ್ತದೆ. ಎತ್ತರದ ಊರುಗಳಲ್ಲಿ ಈ ಅಂಕಿ ಇಳಿಯುತ್ತದೆ. ಪ್ರತಿ 300 ಮೀಟರಿಗೆ ಸುಮಾರು ಒಂದು ಅಂಗುಲ. ಆದುದರಿಂದ ಮಂಗಳೂರಿನಲ್ಲಿ 19 ತೋರಿಸಿದ ಗೇಜು 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ 16 ತೋರಿಸಿದರೆ ಅದು ಸೋರಿಕೆಯ ಗುರುತಲ್ಲ. ವಿದೇಶೀ ಕೈಪಿಡಿಯ ಅಂಕಿಗಳನ್ನು ಹಾಗೆಯೇ ಹಿಡಿದುಕೊಂಡು ಇಲ್ಲದ ಸೋರಿಕೆಯನ್ನು ಹುಡುಕುವುದುಂಟು.

ಟರ್ಬೊ ಇಲ್ಲದ ಕಾರಿನಲ್ಲಿ ಮ್ಯಾನಿಫೋಲ್ಡಿಗೆ ಸೇರಿದ ಕೊಳವೆಗೆ ಹೀರುವಿಕೆಯ ಪರಿಚಯ ಮಾತ್ರ ಇರುತ್ತದೆ. ಟರ್ಬೊ ಕಾರಿನಲ್ಲಿ ಅದೇ ಕೊಳವೆ ಐಡಲಿಂಗಿನಲ್ಲಿ ಹೀರುವಿಕೆಯನ್ನೂ, ವೇಗ ಹೆಚ್ಚಿಸಿದಾಗ ವಾತಾವರಣಕ್ಕಿಂತ ಅಧಿಕವಾದ ಒತ್ತಡವನ್ನೂ, ಅಂದರೆ ಬೂಸ್ಟನ್ನೂ, ತಾಳಿಕೊಳ್ಳಬೇಕು. ಐಡಲಿಂಗಿನಲ್ಲಿ ಬಾಯಿ ಮುಚ್ಚಿಕೊಂಡಿರುವ ಬಿರುಕು ಬೂಸ್ಟಿನಲ್ಲಿ ತೆರೆದುಕೊಳ್ಳಬಹುದು. ನಿಂತ ಕಾರಿನ ಪರೀಕ್ಷೆಯಲ್ಲಿ ಎಲ್ಲವೂ ಸರಿಯೆಂದು ಕಂಡು, ರಸ್ತೆಯಲ್ಲಿ ಮಾತ್ರ ತೊಂದರೆ ಕಾಣಿಸುವುದಕ್ಕೆ ಇದೊಂದು ಕಾರಣ.

ಸೋರಿಕೆಯ ಪರಿಣಾಮ

ಎಲ್ಲ ಕೊಳವೆಗಳ ಸೋರಿಕೆಯೂ ಸಮಾನ ಅಪಾಯಕಾರಿಯಲ್ಲ. ಬೈಪಾಸ್ ಕವಾಟದ ಕೊಳವೆ ಹರಿದರೆ ಆಕ್ಸಿಲರೇಟರ್ ಬಿಟ್ಟಾಗ ವಿಚಿತ್ರ ಸದ್ದು ಬರುತ್ತದೆ. ಬ್ರೇಕ್ ಬೂಸ್ಟರಿನ ಕೊಳವೆ ಸೋರಿದರೆ ಪೆಡಲ್ ಗಟ್ಟಿಯಾಗುತ್ತದೆ. ಇದನ್ನು ಒಂದು ದಿನವೂ ಮುಂದೂಡುವಂತಿಲ್ಲ. ವೇಸ್ಟ್‌ಗೇಟಿನ ಕೊಳವೆ ಕಳಚಿದರೆ ಸಂಗತಿ ಇನ್ನೂ ಗಂಭೀರ. ಹೆಚ್ಚಾದ ನಿಷ್ಕಾಸ ಅನಿಲವನ್ನು ಟರ್ಬೈನಿನ ಪಕ್ಕದಿಂದ ಹಾಯಿಸಿಬಿಡುವ ಬಾಗಿಲು ಅದು. ತೆರೆಯಬೇಕೆಂಬ ಸೂಚನೆ ತಲಪದಿದ್ದಾಗ ಬಾಗಿಲು ಮುಚ್ಚಿಯೇ ಇದ್ದು ಬೂಸ್ಟ್ ಮಿತಿಮೀರುತ್ತದೆ.

ಇಂಧನದ ಒತ್ತಡ ನಿಯಂತ್ರಕಕ್ಕೆ ಹೋಗುವ ಕೊಳವೆಯ ದೋಷ ಸದ್ದಿಲ್ಲದೆ ಕೆಡಿಸುವಂಥದು. ಬೂಸ್ಟ್ ಏರಿದಂತೆ ಇಂಧನದ ಒತ್ತಡವೂ ಅಷ್ಟೇ ಏರಬೇಕು. ಕೊಳವೆ ಸೀಳಿದ್ದರೆ ಅದು ಏರುವುದಿಲ್ಲ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ದೊರೆಯುವುದಿಲ್ಲ, ಎಂಜಿನ್ ನಾಕ್ ಆಗುತ್ತದೆ. ಈ ಕೊಳವೆಯನ್ನು ಬಿಚ್ಚಿದಾಗ ಒಳಗೆ ಪೆಟ್ರೋಲ್ ಹಸಿ ಕಂಡರೆ ನಿಯಂತ್ರಕದ ಒಳಪೊರೆಯೇ ಹರಿದಿದೆಯೆಂದು ತಿಳಿಯಬೇಕು. ಆಗ ಕೊಳವೆಯೊಂದನ್ನೇ ಬದಲಾಯಿಸಿದರೆ ಸಾಲದು.

ಮಾಜ್ದಾ ಆರ್‌ಎಕ್ಸ್-7ರ ಉದಾಹರಣೆ

ಈ ವಿಷಯ ಬಂದಾಗಲೆಲ್ಲ ಹೆಸರಾಗುವ ಕಾರು ಜಪಾನಿನ ಮಾಜ್ದಾ ಆರ್‌ಎಕ್ಸ್-7ರ ಮೂರನೆಯ ಪೀಳಿಗೆ. 1991ರ ಕೊನೆಯಿಂದ 2002ರವರೆಗೆ ತಯಾರಾದ ಈ ಕಾರಿನ 1308 ಸಿಸಿ ರೋಟರಿ ಎಂಜಿನ್ನಿಗೆ ಎರಡು ಟರ್ಬೊಗಳಿವೆ. ಕಡಿಮೆ ವೇಗದಲ್ಲಿ ಮೊದಲನೆಯದು ಮಾತ್ರ ದುಡಿಯುತ್ತದೆ; ನಿಮಿಷಕ್ಕೆ ಸುಮಾರು 4500 ಸುತ್ತುಗಳಾದಾಗ ಎರಡನೆಯದು ಜೊತೆಗೂಡುತ್ತದೆ. ಈ ಕೈಬದಲಾವಣೆಗಾಗಿ ಹಲವು ಸೊಲೆನಾಯ್ಡುಗಳು, ಏಕಮುಖ ಕವಾಟಗಳು, ಒತ್ತಡಕ್ಕೂ ನಿರ್ವಾತಕ್ಕೂ ಬೇರೆ ಬೇರೆ ಸಂಗ್ರಹ ಡಬ್ಬಿಗಳು ಹಾಗೂ ಇವನ್ನೆಲ್ಲ ಹೆಣೆದ ಕೊಳವೆಗಳ ಕಂತೆಯೇ ಇದೆ. ಆ ಕಂತೆಗೆ ಕಾರುಪ್ರಿಯರು ಇಲಿಗೂಡು ಎಂದು ಅಡ್ಡಹೆಸರಿಟ್ಟಿದ್ದಾರೆ. ಸೊಲೆನಾಯ್ಡುಗಳಲ್ಲಿ ಹೆಚ್ಚಿನವು ಇನ್‌ಟೇಕ್ ಮ್ಯಾನಿಫೋಲ್ಡಿನ ಮೇಲ್ಭಾಗದ ಅಡಿಯಲ್ಲಿ, ಬಿಸಿ ಹೊರಹೋಗಲು ದಾರಿಯಿಲ್ಲದ ಜಾಗದಲ್ಲಿ ಕುಳಿತಿರುವುದರಿಂದ ರಬ್ಬರು ಬೇಗ ಸುಟ್ಟಂತಾಗುತ್ತದೆ.

ಸರಿಯಿರುವ ಕಾರಿನಲ್ಲಿ ಬೂಸ್ಟ್ ಸುಮಾರು 10 ಪಿಎಸ್‌ಐಗೆ ಏರಿ, ಎರಡನೆಯ ಟರ್ಬೊ ಸೇರುವಾಗ 8ಕ್ಕೆ ತಗ್ಗಿ, ಮತ್ತೆ 10ಕ್ಕೆ ಮರಳುತ್ತದೆ. ಈ ಲಯ ತಪ್ಪಿದ ರೀತಿಯನ್ನು ಗಮನಿಸಿಯೇ ದೋಷವನ್ನು ಊಹಿಸಬಹುದು: 4500ರ ಬಳಿಕ ಬೂಸ್ಟ್ ಕುಸಿದು ಮೇಲೇಳದಿದ್ದರೆ ಎರಡನೆಯ ಟರ್ಬೊವನ್ನು ಎಚ್ಚರಿಸುವ ಕವಾಟಗಳಿಗೆ ಒತ್ತಡವೋ ನಿರ್ವಾತವೋ ತಲಪುತ್ತಿಲ್ಲ. ಇದರಿಂದ ಶಕ್ತಿ ನಷ್ಟವಾಗುತ್ತದೆ, ಅಷ್ಟೇ. ಒತ್ತಡ ಸಂವೇದಕದ ಕೊಳವೆಯ ಕಥೆ ಹಾಗಲ್ಲ. ಈ ಕಾರಿನ ಕಂಪ್ಯೂಟರ್ ಮ್ಯಾನಿಫೋಲ್ಡಿನ ಒತ್ತಡವನ್ನು ನೋಡಿ ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸುತ್ತದೆ. ಕೊಳವೆ ಕಳಚಿಕೊಂಡರೆ ಬೂಸ್ಟ್ ಇದ್ದರೂ ಇಲ್ಲವೆಂದೇ ಅದು ಭಾವಿಸುತ್ತದೆ. ಕಡಿಮೆ ಇಂಧನದಿಂದ ಉಂಟಾಗುವ ಸ್ಫೋಟಕ ದಹನದಲ್ಲಿ ರೋಟರಿನ ಮೂಲೆಗಳಲ್ಲಿರುವ ಏಪೆಕ್ಸ್ ಸೀಲುಗಳು ಮುರಿಯಬಹುದು, ಮುರಿದರೆ ಎಂಜಿನ್ನನ್ನು ಬಿಚ್ಚಿ ಕಟ್ಟುವುದೊಂದೇ ದಾರಿ.

ಗುರುತಿಸುವಿಕೆ

ಹಲವು ಕಾರುಗಳ ಬಾನೆಟ್ಟಿನ ಒಳಮೈಯಲ್ಲಿ ಕೊಳವೆಗಳ ನಕ್ಷೆಯ ಸ್ಟಿಕರ್ ಇರುತ್ತದೆ. ಅದು ಮಾಸಿಹೋಗಿದ್ದರೆ ಆ ವರ್ಷದ, ಆ ದೇಶದ ಮಾದರಿಯ ಸರ್ವಿಸ್ ಕೈಪಿಡಿಯನ್ನೇ ನೋಡಬೇಕು. ಮಾಲಿನ್ಯ ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾದ್ದರಿಂದ ಒಂದೇ ಹೆಸರಿನ ಕಾರಿನಲ್ಲಿಯೂ ಕೊಳವೆಗಳ ಜೋಡಣೆ ಭಿನ್ನವಾಗಿರಬಹುದು. ನಕ್ಷೆ ಸಿಕ್ಕರೂ ಕಾರಿನಲ್ಲಿರುವ ಜೋಡಣೆಯನ್ನು ಮೊದಲು ಚಿತ್ರ ತೆಗೆದಿಟ್ಟುಕೊಳ್ಳುವುದು ಲೇಸು. ಹಿಂದಿನ ಮಾಲೀಕರು ಏನೇನು ಬದಲಿಸಿದ್ದಾರೆಂಬುದು ನಕ್ಷೆಗೆ ತಿಳಿಯದು.

ಸೋರುವ ಜಾಗವನ್ನು ಹುಡುಕಲು ಕಡಿಮೆ ಒತ್ತಡದಲ್ಲಿ ಹೊಗೆ ಹಾಯಿಸಿ ಎಲ್ಲಿಂದ ಹೊರಬರುತ್ತದೆಂದು ನೋಡುವುದು ಉತ್ತಮ ವಿಧಾನ. ಪ್ರತ್ಯೇಕ ಭಾಗಗಳನ್ನು ಕೈಪಂಪು ಮತ್ತು ಗೇಜಿನಿಂದ ಪರೀಕ್ಷಿಸಬಹುದು. ಓಡುತ್ತಿರುವ ಎಂಜಿನ್ನಿನ ಮೇಲೆ ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ ಸದ್ದಿನ ಬದಲಾವಣೆಯನ್ನು ಗಮನಿಸುವ ಹಳೆಯ ಪದ್ಧತಿ ಕಾದ ಟರ್ಬೊದ ಬಳಿ ಬೆಂಕಿಗೆ ಆಹ್ವಾನವಿತ್ತಂತೆ.

ಬದಲಾವಣೆ

ಕೊಳವೆಯ ಅಳತೆಯೆಂದರೆ ಒಳವ್ಯಾಸ. ಹಳೆಯ ಕೊಳವೆಯ ತುದಿ ಹಿಗ್ಗಿರುತ್ತದೆ. ಆದ್ದರಿಂದ ಕೊಳವೆಯ ನಡುಭಾಗವನ್ನು ಕತ್ತರಿಸಿ ಡ್ರಿಲ್ ಬಿಟ್ಟಿನ ನಯವಾದ ಬುಡವನ್ನು ತೂರಿಸಿ ಅಳೆಯುವುದು ಸುಲಭ ಉಪಾಯ. ಒಂದು ಕೊಳವೆಯನ್ನು ತೆಗೆದು ಅದರ ಸ್ಥಾನದಲ್ಲಿ ಹೊಸದನ್ನು ಹಾಕಿದ ಮೇಲೆಯೇ ಮುಂದಿನದಕ್ಕೆ ಕೈಹಾಕಬೇಕು. ಗಟ್ಟಿಯಾದ ಕೊಳವೆಯನ್ನು ಜಗ್ಗಿದರೆ ಅದು ಬರುವ ಮೊದಲು ಸೊಲೆನಾಯ್ಡಿನ ಪ್ಲಾಸ್ಟಿಕ್ ಮೂತಿ ಮುರಿದು ಬರುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಹಗುರವಾಗಿ ಸೀಳಿ ಸುಲಿಯುವುದು ಕ್ಷೇಮ.

ಏಕಮುಖ ಕವಾಟಗಳ ದಿಕ್ಕನ್ನು ಬಿಚ್ಚುವ ಮೊದಲೇ ಗುರುತು ಮಾಡಿಕೊಳ್ಳಬೇಕು. ಒಂದು ಬದಿಯಿಂದ ಊದಿದಾಗ ಗಾಳಿ ಹೋಗಿ, ಇನ್ನೊಂದು ಬದಿಯಿಂದ ಹೋಗದಿದ್ದರೆ ಕವಾಟ ಸರಿಯಿದೆ. ಕೆಲವು ಕೊಳವೆಗಳ ಒಳಗೆ, ಆರ್‌ಎಕ್ಸ್-7ರ ವೇಸ್ಟ್‌ಗೇಟ್ ಕೊಳವೆಯಲ್ಲಿಯೂ, ಸಣ್ಣ ತೂತುಳ್ಳ ಲೋಹದ ತುಣುಕು ಅಡಗಿರುತ್ತದೆ. ಹಳೆಯ ಕೊಳವೆಯೊಡನೆ ಇದನ್ನೂ ಎಸೆದುಬಿಟ್ಟರೆ ಬೂಸ್ಟಿನ ಲೆಕ್ಕವೇ ತಪ್ಪುತ್ತದೆ. ತೆಗೆದ ಪ್ರತಿ ಕೊಳವೆಯನ್ನೂ ಹಿಸುಕಿ ನೋಡಿ, ತುಣುಕು ಇದ್ದರೆ ಹೊಸದಕ್ಕೆ ವರ್ಗಾಯಿಸಬೇಕು.

ಸಿಲಿಕೋನ್ ಬಿಸಿಯನ್ನು ರಬ್ಬರಿಗಿಂತ ಚೆನ್ನಾಗಿ ತಾಳುತ್ತದೆ, ಆದರೆ ಎಣ್ಣೆಗೂ ಪೆಟ್ರೋಲಿಗೂ ಉಬ್ಬಿ ಮೆತ್ತಗಾಗುತ್ತದೆ. ಬಣ್ಣಬಣ್ಣದ ಸಿಲಿಕೋನನ್ನು ಅಂದಕ್ಕಾಗಿ ಎಲ್ಲೆಡೆ ಹಾಕುವವರು ಇದನ್ನು ಮರೆಯುತ್ತಾರೆ. ಕ್ರ್ಯಾಂಕ್‌ಕೇಸಿನ ಆವಿ ಮತ್ತು ಪೆಟ್ರೋಲ್ ಆವಿ ಹಾಯುವ ಕಡೆ ಆ ಕೆಲಸಕ್ಕೆಂದೇ ತಯಾರಾದ ಕೊಳವೆ ಬೇಕು. ತೆಳುಗೋಡೆಯ ಸಿಲಿಕೋನ್ ಹೀರುವಿಕೆಗೆ ಚಪ್ಪಟೆಯಾಗುವುದರಿಂದ ದಪ್ಪ ಗೋಡೆಯದನ್ನೇ ಆರಿಸಬೇಕು.

ಡೀಸೆಲ್ ಕಾರುಗಳಲ್ಲಿ

ಭಾರತದ ಹಳೆಯ ಟರ್ಬೊ ಕಾರುಗಳಲ್ಲಿ ಬಹುಪಾಲು ಡೀಸೆಲ್. ಡೀಸೆಲ್ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಬಳಕೆಗೆ ಸಾಲುವಷ್ಟು ನಿರ್ವಾತ ಹುಟ್ಟದ ಕಾರಣ ಪ್ರತ್ಯೇಕ ಪಂಪು ಅದನ್ನು ಒದಗಿಸುತ್ತದೆ. ನಿರ್ವಾತದಿಂದ ರೆಕ್ಕೆಗಳ ಕೋನ ಬದಲಿಸುವ ಟರ್ಬೊಗಳಲ್ಲಿ ಕೊಳವೆ ಸೋರಿದರೆ ಸಾಮಾನ್ಯವಾಗಿ ಬೂಸ್ಟ್ ಏರದೆ ಎಳೆಯುವ ಶಕ್ತಿ ಕುಗ್ಗುತ್ತದೆ, ಕಪ್ಪು ಹೊಗೆ ಬರಬಹುದು. ಟರ್ಬೊವೇ ಹೋಯಿತೆಂದು ತೀರ್ಮಾನಿಸುವ ಮುನ್ನ ಈ ಕೊಳವೆಯನ್ನು ಬೆರಳಲ್ಲಿ ಬಾಗಿಸಿ ನೋಡುವುದು ನ್ಯಾಯ. ಬಹುಕಾಲ ನಿಂತ ಕಾರಾದರೆ ಇಲಿ ಕಡಿದ ಗುರುತೂ ಸಿಗಬಹುದು. ಅದೇ ಪಂಪು ಬ್ರೇಕ್ ಬೂಸ್ಟರಿಗೂ ನಿರ್ವಾತ ಕೊಡುವುದರಿಂದ, ಶಕ್ತಿ ಕುಗ್ಗಿದ ಜೊತೆಗೆ ಪೆಡಲೂ ಗಟ್ಟಿಯಾಗಿದ್ದರೆ ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗದೆ ಎಳೆಸಿಕೊಂಡು ಹೋಗಬೇಕು.