ಕ್ಯಾಮೆರಾ ರೆಕಾರ್ಡರಿನ ಮಂದಗತಿಯೂ ಗೋಡೆಯೊಳಗಿನ ತಂತಿಯೂ

ಮನೆಯ ಭದ್ರತಾ ಕ್ಯಾಮೆರಾಗಳ ದೃಶ್ಯಗಳನ್ನು ಕೂಡಿಡುವ ರೆಕಾರ್ಡರ್ ಮಂದವಾದಾಗ, ಅಂದರೆ ಟಿವಿ ಪರದೆಯಲ್ಲಿ ಚಿತ್ರ ತಡೆತಡೆದು ಬರತೊಡಗಿದಾಗ ಅಥವಾ ಮೊಬೈಲಿನಲ್ಲಿ ಹಿಂದಿನ ದಿನದ ರೆಕಾರ್ಡಿಂಗ್ ತೆರೆಯಲು ಹೋದರೆ ಚಕ್ರ ಸುತ್ತುತ್ತಲೇ ಇರುವಾಗ, ಬಹುತೇಕ ಮನೆಗಳಲ್ಲಿ ಮೊದಲ ದೂರು ಹೋಗುವುದು ಇಂಟರ್ನೆಟ್ ಕೊಡುವ ಕಂಪನಿಗೆ. ಪ್ಲಾನನ್ನು ಏರಿಸಿಕೊಂಡು, ತಿಂಗಳ ಬಿಲ್ಲು ಹೆಚ್ಚಿದ ಮೇಲೂ ಚಿತ್ರ ಮೊದಲಿನಂತೆಯೇ ತಡವರಿಸುವುದನ್ನು ಕಂಡು, ಕೊನೆಗೆ ರೆಕಾರ್ಡರನ್ನೇ ಬದಲಿಸುವವರೂ ಇದ್ದಾರೆ. ಕ್ಯಾಮೆರಾದಿಂದ ರೆಕಾರ್ಡರಿಗೆ ಹರಿಯುವ ಚಿತ್ರ ಇಂಟರ್ನೆಟ್ಟನ್ನು ಮುಟ್ಟುವುದೇ ಇಲ್ಲವೆಂಬ ಸಂಗತಿ ಈ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ದೋಷವು ಹೆಚ್ಚಿನ ಸಲ ಇರುವುದು ಗೋಡೆಯೊಳಗಿನ ಪೈಪಿನಲ್ಲಿ ಹಾದುಹೋದ ತಂತಿಯಲ್ಲಿ, ಅದಕ್ಕಿಂತಲೂ ಹೆಚ್ಚಾಗಿ ಆ ತಂತಿಯ ಎರಡು ತುದಿಗಳಲ್ಲಿ.

ರೆಕಾರ್ಡರುಗಳಲ್ಲಿ ಎರಡು ಬಗೆ. ಟಿವಿ ಕೇಬಲ್ಲಿನಂಥ ದುಂಡನೆಯ ಕೋಆಕ್ಸಿಯಲ್ ತಂತಿಯ ಮೂಲಕ ಕ್ಯಾಮೆರಾಗಳನ್ನು ನೇರವಾಗಿ ಜೋಡಿಸಿಕೊಳ್ಳುವುದು ಡಿವಿಆರ್; ಅದರಲ್ಲಿ ನೆಟ್‌ವರ್ಕ್ ತಂತಿ ಇರುವುದು ರೂಟರಿಗೆ ಹೋಗುವ ಒಂದೇ. ಎಂಟು ಎಳೆಗಳ ನೆಟ್‌ವರ್ಕ್ ಕೇಬಲ್ಲಿನಿಂದಲೇ ಕ್ಯಾಮೆರಾಗಳನ್ನೂ ಕೂಡಿಸಿಕೊಳ್ಳುವುದು ಎನ್‌ವಿಆರ್. ಇಲ್ಲಿ ಕೆಲವು ಪೆಟ್ಟಿಗೆಗಳ ಬೆನ್ನಿನಲ್ಲೇ ಪ್ರತಿ ಕ್ಯಾಮೆರಾಕ್ಕೆ ಒಂದೊಂದು ಪೋರ್ಟ್ ಇದ್ದರೆ, ಉಳಿದವುಗಳಲ್ಲಿ ಕ್ಯಾಮೆರಾ ತಂತಿಗಳೆಲ್ಲ ಬೇರೊಂದು ಸ್ವಿಚ್ಚಿಗೆ ಬಂದು ಸೇರಿ, ಅಲ್ಲಿಂದ ಒಂದೇ ತಂತಿಯಲ್ಲಿ ರೆಕಾರ್ಡರನ್ನು ತಲುಪುತ್ತವೆ. ಈ ವ್ಯತ್ಯಾಸವನ್ನು ಮೊದಲು ನೋಡಿಕೊಳ್ಳದೆ ದೋಷ ಹುಡುಕಲು ಹೊರಟರೆ ದಾರಿ ತಪ್ಪುವುದು ಖಂಡಿತ. ಏಕೆಂದರೆ ಮೊದಲ ಬಗೆಯ ಎನ್‌ವಿಆರ್‌ನಲ್ಲಿ ಒಂದು ತಂತಿ ಕೆಟ್ಟರೆ ಒಂದು ಕ್ಯಾಮೆರಾ ಮಾತ್ರ ಮಂಕಾಗುತ್ತದೆ, ಎರಡನೆಯದರಲ್ಲಿ ಸ್ವಿಚ್ಚಿನಿಂದ ರೆಕಾರ್ಡರಿಗೆ ಬರುವ ಆ ಒಂದು ತಂತಿ ಕೆಟ್ಟರೆ ಎಲ್ಲ ಕ್ಯಾಮೆರಾಗಳೂ ಒಟ್ಟಿಗೇ ಕುಂಟುತ್ತವೆ.

ದೋಷದ ಜಾಗವನ್ನು ಗುರುತಿಸಲು ಯಾವ ಉಪಕರಣವೂ ಬೇಕಿಲ್ಲ. ರೆಕಾರ್ಡರಿಗೇ ಜೋಡಿಸಿದ ಟಿವಿಯಲ್ಲಿ ಚಿತ್ರ ಸರಾಗವಾಗಿದ್ದು, ಮನೆಯೊಳಗಿನ ಕಂಪ್ಯೂಟರಿನಲ್ಲಿ ಮಾತ್ರ ತಡೆದರೆ ಶಂಕಿಸಬೇಕಾದದ್ದು ರೆಕಾರ್ಡರಿನಿಂದ ರೂಟರಿಗೆ ಹೋದ ತಂತಿಯನ್ನು. ಟಿವಿಯಲ್ಲೇ ತಡೆದರೆ ಕ್ಯಾಮೆರಾ ಕಡೆಯ ತಂತಿಯನ್ನು. ಮನೆಯಲ್ಲೆಲ್ಲ ಸರಿಯಿದ್ದು ಊರಿನಿಂದ ಹೊರಗಿರುವಾಗ ಮಾತ್ರ ನಿಧಾನವಾದರೆ ಆಗ ಇಂಟರ್ನೆಟ್ಟಿನ ಮಾತು ಬರುತ್ತದೆ, ಅದೂ ಮನೆಯಿಂದ ಹೊರಕ್ಕೆ ಹೋಗುವ ಅಪ್‌ಲೋಡ್ ವೇಗದ ಮಾತು. ಹಲವು ಗ್ರಾಹಕರಿಗೆ ಒಂದೇ ಸಾರ್ವಜನಿಕ ವಿಳಾಸವನ್ನು ಹಂಚುವ ಸಂಪರ್ಕಗಳಲ್ಲಿ ಮೊಬೈಲಿಗೂ ರೆಕಾರ್ಡರಿಗೂ ನೇರ ದಾರಿ ಸಿಗದೆ, ಚಿತ್ರವು ತಯಾರಕರ ಸರ್ವರನ್ನು ಬಳಸಿಕೊಂಡು ಬರುವುದೂ ಉಂಟು. ಆ ವಿಳಂಬಕ್ಕೆ ಮನೆಯ ತಂತಿ ಹೊಣೆಯಲ್ಲ.

ಹರಿಯಬೇಕಾದದ್ದು ಎಷ್ಟು ಎಂಬ ಲೆಕ್ಕವನ್ನೂ ತಿಳಿದಿರಬೇಕು. ನಾಲ್ಕು ಮೆಗಾಪಿಕ್ಸೆಲ್ ಕ್ಯಾಮೆರಾವೊಂದು 2013ರಲ್ಲಿ ಅಂಗೀಕೃತವಾದ ಎಚ್.265 ಸಂಕೋಚನ ಪದ್ಧತಿಯಲ್ಲಿ ಸೆಕೆಂಡಿಗೆ 4 ಮೆಗಾಬಿಟ್ಟಿನಷ್ಟು ಕಳಿಸುವಂತೆ ಹೊಂದಿಸಿದ್ದರೆ, ಎಂಟು ಕ್ಯಾಮೆರಾಗಳ ಒಟ್ಟು ಹರಿವು 32 ಮೆಗಾಬಿಟ್. ದಿನಕ್ಕೆ ಒಂದು ಕ್ಯಾಮೆರಾದ ಪಾಲು ಸುಮಾರು 43 ಗಿಗಾಬೈಟ್. ಒಂದು ಗಂಟೆಯ ದೃಶ್ಯವನ್ನು, ಅಂದರೆ 1.8 ಗಿಗಾಬೈಟನ್ನು, ಪೊಲೀಸರಿಗೆ ಕೊಡಲೆಂದು ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ 100 ಮೆಗಾಬಿಟ್ ತಂತಿಯಲ್ಲಿ ಎರಡೂವರೆ ನಿಮಿಷವೂ 10 ಮೆಗಾಬಿಟ್ ತಂತಿಯಲ್ಲಿ 24 ನಿಮಿಷವೂ ಬೇಕು. ಇದು ಕಾಗದದ ಲೆಕ್ಕ, ರೆಕಾರ್ಡರಿನ ಪ್ರೊಸೆಸರ್ ದುರ್ಬಲವಾಗಿದ್ದರೆ ಇನ್ನೂ ಹೆಚ್ಚಾಗುತ್ತದೆ.

ಈಥರ್ನೆಟ್ ಎಂಬ ಈ ತಂತಿಜಾಲದ ಪದ್ಧತಿ 1973ರಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್ಕಾಫ್ ಮತ್ತು ಸಂಗಡಿಗರಿಂದ ಆರಂಭವಾಗಿ, ಹುರಿಗೊಳಿಸಿದ ತಾಮ್ರದ ಜೋಡಿಗಳ ಮೇಲೆ 1990ರಲ್ಲಿ ಸೆಕೆಂಡಿಗೆ 10, 1995ರಲ್ಲಿ 100, 1999ರಲ್ಲಿ 1000 ಮೆಗಾಬಿಟ್ ವೇಗದ ಮಾನದಂಡಗಳನ್ನು ಪಡೆಯಿತು. ತಂತಿಯ ಎರಡು ತುದಿಯ ಸಾಧನಗಳು ಚುಚ್ಚಿದ ಕೂಡಲೇ ತಮ್ಮತಮ್ಮಲ್ಲಿ ಮಾತಾಡಿಕೊಂಡು, ಇಬ್ಬರಿಗೂ ಸಾಧ್ಯವಾದ ಗರಿಷ್ಠ ವೇಗಕ್ಕೆ ಒಪ್ಪಿಕೊಳ್ಳುತ್ತವೆ. ಇದಕ್ಕೆ ಆಟೋ ನೆಗೋಷಿಯೇಷನ್ ಎಂದು ಹೆಸರು. ಒಪ್ಪಿಕೊಂಡ ಆ ಸಂಖ್ಯೆಯನ್ನು ರೂಟರಿನ ಸೆಟ್ಟಿಂಗ್ ಪುಟದಲ್ಲೋ ರೆಕಾರ್ಡರಿನ ನೆಟ್‌ವರ್ಕ್ ಮೆನುವಿನಲ್ಲೋ ನೋಡಬಹುದು. ಪೋರ್ಟಿನ ಬಳಿ ಮಿನುಗುವ ಹಸಿರು, ಕಿತ್ತಳೆ ದೀಪಗಳ ಅರ್ಥ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಅವುಗಳ ಮಾತನ್ನು ನಂಬುವುದಕ್ಕಿಂತ ಈ ಸಂಖ್ಯೆಯನ್ನು ನಂಬುವುದು ಮೇಲು.

ಆ ಸಂಖ್ಯೆ ತಂತಿಯ ಆರೋಗ್ಯವನ್ನು ಬಹಳಮಟ್ಟಿಗೆ ಹೇಳಿಬಿಡುತ್ತದೆ. 1000ದ ವೇಗಕ್ಕೆ ನಾಲ್ಕೂ ಜೋಡಿಗಳು, ಅಂದರೆ ಎಂಟೂ ಎಳೆಗಳು ಬೇಕು; 100ರ ವೇಗಕ್ಕೆ 1, 2, 3, 6ನೆಯ ಸ್ಥಾನದ ನಾಲ್ಕು ಎಳೆಗಳು ಸಾಕು. ಎರಡೂ ತುದಿಯಲ್ಲಿ ಗಿಗಾಬಿಟ್ ಸಾಧನಗಳಿದ್ದೂ 100 ಎಂದು ತೋರಿದರೆ, ಉಳಿದ ನಾಲ್ಕರಲ್ಲಿ ಒಂದಾದರೂ ಎಳೆ ಕಡಿದಿದೆ ಅಥವಾ ಕನೆಕ್ಟರಿನ ಹಲ್ಲು ಅದನ್ನು ಸರಿಯಾಗಿ ಕಚ್ಚಿಲ್ಲ ಎಂದು ಊಹಿಸಬಹುದು. ಆದರೆ ಕ್ಯಾಮೆರಾದ ಪೋರ್ಟು ಸಾಮಾನ್ಯವಾಗಿ 100ರದ್ದೇ ಆಗಿರುವುದರಿಂದ ಅಲ್ಲಿ 100 ಕಂಡರೆ ಗಾಬರಿಗೆ ಕಾರಣವಿಲ್ಲ. ಎಲ್ಲಿಯೇ ಆಗಲಿ 10 ಎಂದು ಕಂಡರೆ ಮಾತ್ರ ಅದು ಬಹುತೇಕ ರೋಗವೇ ಸರಿ.

ಮಂದಗತಿಯ ಮೂಲಗಳಲ್ಲಿ ಅತ್ಯಂತ ಮೋಸದ್ದು ಜೋಡಿ ತಪ್ಪಿದ ಕ್ರಿಂಪಿಂಗ್, ಅಂದರೆ ಎಳೆಗಳನ್ನು ಕನೆಕ್ಟರಿನೊಳಗೆ ಒತ್ತಿ ಕೂರಿಸುವ ಕೆಲಸ. ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದರೆ ಪಕ್ಕದ ತಂತಿಗಳ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದು ಪರಸ್ಪರ ಕಳೆದುಹೋಗುತ್ತದೆಂಬ ಉಪಾಯಕ್ಕೆ ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದನು. ಈ ಉಪಾಯ ಫಲಿಸಬೇಕಾದರೆ ಒಂದೇ ಸಂಕೇತವನ್ನು ಹೊರುವ 3 ಮತ್ತು 6ನೆಯ ಸ್ಥಾನಗಳಲ್ಲಿ ಒಂದೇ ಜೋಡಿಯ ಎರಡು ಎಳೆಗಳಿರಬೇಕು. ಆದ್ದರಿಂದಲೇ ಪ್ರಚಲಿತ ಬಣ್ಣದ ಕ್ರಮವು ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂದು ನಡುವಿನಲ್ಲಿ ಅಡ್ಡಾದಿಡ್ಡಿಯಾಗಿ ಕಾಣುತ್ತದೆ. ಕ್ರಮ ಗೊತ್ತಿಲ್ಲದ ಕೆಲಸಗಾರನು ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ ಎಂದು ಕಣ್ಣಿಗೆ ಅಂದವಾಗಿ ಎರಡೂ ತುದಿಗಳಲ್ಲಿ ಒಂದೇ ರೀತಿ ಜೋಡಿಸಿದರೆ, ಮೂರನೆಯ ಸ್ಥಾನಕ್ಕೆ ಹಸಿರು ಜೋಡಿಯ ಎಳೆಯೂ ಆರನೆಯದಕ್ಕೆ ನೀಲಿ ಜೋಡಿಯ ಎಳೆಯೂ ಬಂದು ಕೂರುತ್ತವೆ. ಎಂಟು ದೀಪಗಳ ಅಗ್ಗದ ಕೇಬಲ್ ಟೆಸ್ಟರ್ ಒಂದರಿಂದ ಎಂಟರವರೆಗೆ ಸಾಲಾಗಿ ಬೆಳಗಿ ‘ಎಲ್ಲ ಸರಿ’ ಎನ್ನುತ್ತದೆ, ಏಕೆಂದರೆ ಅದು ನೋಡುವುದು ಎಳೆ ಕಡಿದಿದೆಯೇ ಎಂಬುದನ್ನಷ್ಟೇ. ಜೋಡಿ ಒಡೆದ ತಂತಿಯಲ್ಲಾದರೋ 100ರ ವೇಗದಲ್ಲಿ ಹೋಗುವ ಸಂಕೇತಕ್ಕೂ ಬರುವ ಸಂಕೇತಕ್ಕೂ ತಾಕಲಾಟ ನಡೆದು, ಪ್ಯಾಕೆಟ್ ಎಂದು ಕರೆಯುವ ಮಾಹಿತಿಯ ತುಣುಕುಗಳು ಕೆಡುತ್ತವೆ. ಕೆಟ್ಟ ತುಣುಕುಗಳನ್ನು ಮತ್ತೆ ಕಳಿಸಬೇಕಾದ ಟಿಸಿಪಿ ನಿಯಮಾವಳಿಯು ಈ ನಷ್ಟಕ್ಕೆ ದಾರಿಯಲ್ಲಿನ ದಟ್ಟಣೆಯೇ ಕಾರಣವೆಂದು ತಿಳಿದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದರಿಂದ, ಸಣ್ಣ ನಷ್ಟವೂ ದೊಡ್ಡ ಮಂದಗತಿಯಾಗಿ ಕಾಣುತ್ತದೆ. ಪರಿಹಾರವೆಂದರೆ ಎರಡೂ ಕನೆಕ್ಟರುಗಳನ್ನು ಕತ್ತರಿಸಿ, ಹೊಸೆತವನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚದೆ, ಸರಿಯಾದ ಕ್ರಮದಲ್ಲಿ ಮತ್ತೆ ಕ್ರಿಂಪ್ ಮಾಡುವುದು.

ತುದಿಗಳು ಸರಿಯಿದ್ದೂ ತೊಂದರೆ ಉಳಿದರೆ ತಂತಿಯ ಲೋಹವನ್ನೇ ಪರೀಕ್ಷಿಸಬೇಕಾಗುತ್ತದೆ. ಅಗ್ಗದ ಕೇಬಲ್ ಸುರುಳಿಗಳಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರದ ತೆಳು ಲೇಪ ಕೊಟ್ಟ ಸಿಸಿಎ ಎಂಬ ಬಗೆ ಧಾರಾಳವಾಗಿ ಮಾರಾಟವಾಗುತ್ತದೆ. ಅಂತರರಾಷ್ಟ್ರೀಯ ಕೇಬಲ್ ಮಾನದಂಡಗಳು ಅದನ್ನು ಒಪ್ಪಿಲ್ಲ. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಹೊಳೆಯುತ್ತದೆ, ನಾಲ್ಕಾರು ಸಲ ಬಗ್ಗಿಸಿದರೆ ಮುರಿಯುತ್ತದೆ. ಅಲ್ಯೂಮಿನಿಯಂನ ವಾಹಕತೆ ತಾಮ್ರದ್ದರ ಸುಮಾರು ಶೇಕಡಾ 61 ಮಾತ್ರ ಆದ್ದರಿಂದ ಉದ್ದದ ತಂತಿಯಲ್ಲಿ ಸಂಕೇತವೂ ಸೊರಗುತ್ತದೆ, ವಿದ್ಯುತ್ತೂ ಸೊರಗುತ್ತದೆ. ವಿದ್ಯುತ್ತಿನ ಮಾತು ಇಲ್ಲಿ ಬರುವುದಕ್ಕೆ ಕಾರಣವಿದೆ: ಪಿಒಇ ಎಂಬ ಪದ್ಧತಿಯಲ್ಲಿ, ಅಂದರೆ 2003ರ ಮಾನದಂಡದಂತೆ ಪೋರ್ಟಿನಿಂದ 15.4 ವ್ಯಾಟ್‌ವರೆಗೆ ಕಳಿಸಬಹುದಾದ ವ್ಯವಸ್ಥೆಯಲ್ಲಿ, ಕ್ಯಾಮೆರಾಕ್ಕೆ ಬೇಕಾದ ವಿದ್ಯುತ್ತು ಇದೇ ಎಳೆಗಳಲ್ಲಿ ಹರಿಯುತ್ತದೆ. ಹಗಲೆಲ್ಲ ಚೆನ್ನಾಗಿದ್ದು ಕತ್ತಲಾದ ಮೇಲೆ ತಡವರಿಸುವ ಅಥವಾ ತಾನೇ ಆರಿ ಹೊತ್ತಿಕೊಳ್ಳುವ ಕ್ಯಾಮೆರಾ ಕಂಡರೆ, ರಾತ್ರಿ ಹೊತ್ತು ಬೆಳಗುವ ಇನ್‌ಫ್ರಾರೆಡ್ ದೀಪಗಳ ಹೆಚ್ಚುವರಿ ಹೊರೆಯನ್ನು ಆ ತಂತಿ ತಾಳಲಾರದೆ ಹೋಗಿದೆ ಎಂದು ಮೊದಲು ಶಂಕಿಸಬೇಕು.

ಇನ್ನೊಂದು ಕಾರಣ ತೀರ ಚಿಕ್ಕದು, ಆದರೆ ಗೊತ್ತಿಲ್ಲದವರ ದಿನಗಳನ್ನೇ ನುಂಗುವಂಥದ್ದು. ಕ್ಯಾಮೆರಾಗಳಿಗೆಂದೇ ಮಾರುವ ಅನೇಕ ಪಿಒಇ ಸ್ವಿಚ್ಚುಗಳ ಮುಖದ ಮೇಲೆ ಉಗುರಿನಿಂದ ಸರಿಸಬಹುದಾದ ಒಂದು ಗುಂಡಿ ಇದ್ದು, ಅದರ ಒಂದು ಬದಿಗೆ ‘ಎಕ್ಸ್‌ಟೆಂಡ್’ ಎಂದು ಬರೆದಿರುತ್ತದೆ. ಸಾಮಾನ್ಯ ಈಥರ್ನೆಟ್ ತಂತಿಯ ಮಿತಿ 100 ಮೀಟರ್. ಈ ಗುಂಡಿಯನ್ನು ಸರಿಸಿದರೆ ತೋಟದ ಗೇಟಿನಂಥ ದೂರಕ್ಕೆ, 250 ಮೀಟರಿನವರೆಗೂ, ಸಂಪರ್ಕ ಮುಟ್ಟುತ್ತದೆಂದು ತಯಾರಕರು ಹೇಳುತ್ತಾರೆ. ಅದಕ್ಕೆ ತೆರುವ ಬೆಲೆಯೆಂದರೆ ಆ ಪೋರ್ಟುಗಳ ವೇಗ 10 ಮೆಗಾಬಿಟ್ಟಿಗೆ ಇಳಿಯುವುದು. ಧೂಳು ಒರೆಸುವಾಗ ಗುಂಡಿ ಸರಿದರೂ ಸಾಕು, ಹತ್ತು ಅಡಿ ದೂರದ ಕ್ಯಾಮೆರಾಗಳೂ ಆ ವೇಗಕ್ಕೆ ಬೀಳುತ್ತವೆ. ರೆಕಾರ್ಡರಿನ ತಂತಿಯೂ ಅಂಥದೇ ಪೋರ್ಟಿನಲ್ಲಿದ್ದರೆ 32 ಮೆಗಾಬಿಟ್ಟಿನ ಹರಿವು 10ರಲ್ಲಿ ತೂರಬೇಕಾಗುತ್ತದೆ. ತಂತಿ ಎಳೆಯುವವರನ್ನು ಕರೆಸುವ ಮೊದಲು ಈ ಗುಂಡಿಯನ್ನು ನೋಡುವುದು ಲೇಸು.

ಯಾರೋ ಒಮ್ಮೆ ರೆಕಾರ್ಡರಿನ ಮೆನುವಿನಲ್ಲಿ ವೇಗವನ್ನು ‘100 ಫುಲ್ ಡುಪ್ಲೆಕ್ಸ್’ ಎಂದು ಬಿಗಿದಿಟ್ಟಿದ್ದರೆ ಇನ್ನೊಂದು ವಿಚಿತ್ರ ತಲೆದೋರುತ್ತದೆ. ಹೀಗೆ ಬಿಗಿದ ಸಾಧನವು ಮಾತುಕತೆಗೇ ಬರದಿದ್ದಾಗ ರೂಟರು 100ರ ವೇಗವನ್ನು ಗ್ರಹಿಸಿಕೊಂಡು, ಏಕಕಾಲಕ್ಕೆ ಎರಡು ದಿಕ್ಕಿನ ಸಂಚಾರ ಸಾಧ್ಯವೇ ಎಂಬುದು ತಿಳಿಯದೆ ಹಾಫ್ ಡುಪ್ಲೆಕ್ಸ್‌ಗೆ ನಿಲ್ಲುತ್ತದೆ. ಒಂದು ಕಡೆಯವರು ಅದನ್ನು ಜೋಡಿರಸ್ತೆಯೆಂದೂ ಇನ್ನೊಂದು ಕಡೆಯವರು ಸರದಿಯಲ್ಲಿ ದಾಟಬೇಕಾದ ಕಿರುಸೇತುವೆಯೆಂದೂ ತಿಳಿದು ಗಾಡಿ ಓಡಿಸಿದಂತೆ ಇಲ್ಲಿ ಡಿಕ್ಕಿಗಳಾಗುತ್ತವೆ. ಸಂಪರ್ಕ ಇದೆಯೇ ಎಂದು ನೋಡುವ ಪಿಂಗ್ ಆಜ್ಞೆಗೆ ಚಿಕ್ಕ ಉತ್ತರ ಸರಿಯಾಗಿಯೇ ಬರುತ್ತದೆ. ಚಿತ್ರದ ಹೊಳೆ ಹರಿಯತೊಡಗಿದಾಗ ಮಾತ್ರ ಎಲ್ಲ ಕುಸಿಯುತ್ತದೆ. ಎರಡೂ ಕಡೆ ‘ಆಟೋ’ ಎಂದು ಇಟ್ಟರೆ ತೊಂದರೆ ತೀರಿತು.

ಇವೆಲ್ಲ ಮನುಷ್ಯರ ಕೈಯ ತಪ್ಪುಗಳು. ಹವೆಯ ಪಾಲೂ ಇದೆ. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ಹೊರಗೋಡೆಯ ಕನೆಕ್ಟರಿನ ಹಲ್ಲುಗಳು ಹಸಿರುಗಟ್ಟುತ್ತವೆ. ಮಲೆನಾಡಿನಲ್ಲಿ ಏಪ್ರಿಲ್, ಮೇ ತಿಂಗಳುಗಳ ಗುಡುಗು ಮಳೆಯ ಹೊತ್ತಿಗೆ, ಸಿಡಿಲು ನೇರ ಬಡಿಯದೆ ದೂರದಲ್ಲಿ ಬಿದ್ದರೂ ಬಯಲಿನಲ್ಲಿ ಚಾಚಿದ ತಂತಿಯಲ್ಲಿ ಪ್ರಚೋದಿತವಾದ ಒತ್ತಡ ಪೋರ್ಟಿನ ಒಳಗಿನ ಬಿಡಿಭಾಗಗಳನ್ನು ಅರೆಬರೆ ಸುಟ್ಟುಬಿಡಬಹುದು. ಪೂರ್ತಿ ಸತ್ತ ಪೋರ್ಟನ್ನು ಗುರುತಿಸುವುದು ಸುಲಭ. ಅರ್ಧ ಸತ್ತದ್ದು ದೀಪ ಬೆಳಗಿಸುತ್ತಲೇ ಪ್ಯಾಕೆಟ್ಟುಗಳನ್ನು ಕೆಡಿಸುತ್ತಿರುತ್ತದೆ. ಆಗ ಬೇಕಾದದ್ದು ಅದಲುಬದಲು ಪರೀಕ್ಷೆ: ರೆಕಾರ್ಡರನ್ನು ರೂಟರಿನ ಪಕ್ಕಕ್ಕೇ ತಂದು, ಅಂಗಡಿಯಿಂದ ತಂದ ಎರಡು ಮೀಟರಿನ ಸಿದ್ಧ ಪ್ಯಾಚ್ ಕಾರ್ಡಿನಲ್ಲಿ ಜೋಡಿಸಿದಾಗ ವೇಗ ಬಂದರೆ ತಪ್ಪು ಗೋಡೆಯ ತಂತಿಯದು, ಬಾರದಿದ್ದರೆ ರೂಟರಿನ ಬೇರೆ ಪೋರ್ಟು, ಅನಂತರ ಬೇರೆ ಸಾಧನ ಎಂದು ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದವರಿಗೆ ವಾಸಿಯಾದದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ತಪ್ಪು ಗೋಡೆಯ ತಂತಿಯದೇ ಎಂದು ಖಚಿತವಾದರೂ ಪೈಪು ಒಡೆದು ಹೊಸ ತಂತಿ ಎಳೆಯಲೇಬೇಕೆಂದಿಲ್ಲ. ರೆಕಾರ್ಡರಿನಿಂದ ರೂಟರಿಗೆ ಹೋಗುವ ತಂತಿಯಲ್ಲಿ ವಿದ್ಯುತ್ ಪೂರೈಕೆಯ ಹೊರೆ ಇರುವುದಿಲ್ಲವಾದ್ದರಿಂದ, ಕಿತ್ತಳೆ ಅಥವಾ ಹಸಿರು ಜೋಡಿ ಕಡಿದಿದ್ದರೆ ಅದರ ಜಾಗದಲ್ಲಿ ಗಟ್ಟಿಯಾಗಿರುವ ನೀಲಿ ಅಥವಾ ಕಂದು ಜೋಡಿಯನ್ನು ಎರಡೂ ತುದಿಗಳಲ್ಲಿ ಒಂದೇ ರೀತಿ ಕೂರಿಸಿ, ಎರಡು ಒಳ್ಳೆಯ ಜೋಡಿಗಳಿಂದಲೇ 100 ಮೆಗಾಬಿಟ್ ಪಡೆಯಬಹುದು. ಒಪ್ಪಂದದ ಮಾತುಕತೆಯೂ ಆ ಎರಡು ಜೋಡಿಗಳ ಮೇಲೆಯೇ ನಡೆಯುವುದರಿಂದ ಎರಡು ಗಿಗಾಬಿಟ್ ಸಾಧನಗಳು 1000ಕ್ಕೆ ಒಪ್ಪಿ, ಅದು ಸಾಗದೆ, ಸಂಪರ್ಕ ಕೂಡುತ್ತ ಕಡಿಯುತ್ತ ಇರುವುದೂ ಉಂಟು. ಅಂಥಲ್ಲಿ ನಡುವೆ 100ರ ಮಿತಿಯ ಚಿಕ್ಕ ಸ್ವಿಚ್ಚೊಂದನ್ನು ಇಟ್ಟರೆ ಈ ಕಡಿತ ನಿಲ್ಲುತ್ತದೆ. ಎಂಟು ಕ್ಯಾಮೆರಾಗಳ 32 ಮೆಗಾಬಿಟ್ಟಿಗೆ ಆ 100 ಧಾರಾಳ.