ರಾಶಿಯ ಹೊತ್ತಿಗೆ ಉಸಿರು ಜೋಪಾನ

ಮೃಗಶಿರಾ ಮಳೆ ಕೂಡಿತೆಂದರೆ ಬೀದರ್ ಸೀಮೆಯ ಉಬ್ಬಸ ರೋಗಿಗಳ ಗಮನ ನೆರೆಯ ಹೈದರಾಬಾದಿನತ್ತ ಹರಿಯುತ್ತದೆ. ಅಲ್ಲಿ ಬತ್ತಿನಿ ಕುಟುಂಬದವರು ಜೀವಂತ ಮರಿಮೀನಿನ ಬಾಯಲ್ಲಿ ಔಷಧಿಯಿಟ್ಟು ನುಂಗಿಸುತ್ತಾರೆ. ನಂಬಿಕೆಯನ್ನು ಹೀಗಳೆಯುವುದು ಇಲ್ಲಿನ ಉದ್ದೇಶವಲ್ಲ. ಆದರೆ ಅದರಿಂದ ಉಬ್ಬಸ ವಾಸಿಯಾಗುತ್ತದೆಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಜೂನ್‌ನಲ್ಲಿ ಮೀನು ನುಂಗಿ ಇನ್‌ಹೇಲರ್ ಕೈಬಿಟ್ಟವರಿಗೆ ನಿಜವಾದ ಪರೀಕ್ಷೆ ಚಳಿಗಾಲದಲ್ಲಿ ಕಾದಿರುತ್ತದೆ.

ಭಾಲ್ಕಿ, ಔರಾದ್‌ಗಳಲ್ಲಿ ತೊಗರಿಯ ರಾಶಿ ನಡೆಯುವುದು ಡಿಸೆಂಬರ್-ಜನವರಿಯ ಕೊರೆಯುವ ಚಳಿಯಲ್ಲೇ. ಯಂತ್ರದಿಂದ ಹಾರುವ ಹೊಟ್ಟು, ತಣ್ಣನೆಯ ಒಣಗಾಳಿ, ಒಲೆಯ ಹೊಗೆ ಒಟ್ಟಾಗಿ ಶ್ವಾಸನಾಳವನ್ನು ಕೆರಳಿಸುತ್ತವೆ. ಮೂಗು-ಬಾಯಿಗೆ ಬಟ್ಟೆ ಕಟ್ಟಿ, ಹೊಟ್ಟು ಹಾರುವ ದಿಕ್ಕನ್ನು ತಪ್ಪಿಸಿ ನಿಂತರೆ ತಕ್ಕಮಟ್ಟಿಗೆ ಅನುಕೂಲ.

ಅದಕ್ಕಿಂತ ಮುಖ್ಯವಾದುದು ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಇನ್‌ಹೇಲರನ್ನು ತಪ್ಪದೆ ಬಳಸುವುದು. ಅದು ಚಟವಾಗಿಬಿಡುತ್ತದೆಂಬ ಭಯ (ವಿದ್ಯಾವಂತರಲ್ಲೂ ಇದೆ!) ನಿರಾಧಾರ. ಔಷಧಿ ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರವಾಗಿ ಶ್ವಾಸಕೋಶಕ್ಕಿಳಿಯುತ್ತದೆ. ಏದುಸಿರು ಬಂದಾಗಷ್ಟೇ ನೀಲಿ ಇನ್‌ಹೇಲರ್ ಒತ್ತಿಕೊಳ್ಳುವ ರೂಢಿ ಸಲ್ಲದೆಂದು ಆಸ್ತಮಾ ಕುರಿತ ಜಾಗತಿಕ ಮಾರ್ಗಸೂಚಿ 2019ರಲ್ಲೇ ಹೇಳಿದೆ. ಅದು ನಾಳವನ್ನು ಹಿಗ್ಗಿಸುತ್ತದೆಯೇ ಹೊರತು ಒಳಗಿನ ಊತವನ್ನು ಇಳಿಸದು. ರಾಶಿಗೆ ಮುನ್ನ ತಾಲ್ಲೂಕು ಆಸ್ಪತ್ರೆಯಲ್ಲೋ ಬೀದರ್‌ನ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ಇನ್‌ಹೇಲರ್ ಎಳೆಯುವ ಕ್ರಮವನ್ನು ವೈದ್ಯರೆದುರು ಒಮ್ಮೆ ಮಾಡಿ ತೋರಿಸಿ. ಸ್ಟೀರಾಯ್ಡ್ ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಲು ಮರೆಯಬೇಡಿ.